ಕಾವಲಿಗೊಂದು ಕಡಿವಾಣ

ಮುಧೋಳ ಸೀಮೆಯ ತಿಮ್ಮಾಪುರದಂತಹ ಊರುಗಳಲ್ಲಿ ಜೋಳದ ರೊಟ್ಟಿಯನ್ನು ಕೈಯಿಂದಲೇ ಬಡಿಯುವರು. ಆ ಕೆಲಸಕ್ಕೆ ಬೆರಳುಗಳ ಕೀಲುಗಳು ಸಲೀಸಾಗಿ ಆಡಬೇಕು. ಎರಡೂ ಕೈಗಳ ಬೆರಳುಗಳ ಬುಡ ಬಾತು, ಎದ್ದು ಒಂದು ಗಂಟೆ ಕಳೆದರೂ ಮುಷ್ಟಿ ಕಟ್ಟಲಾಗದೆ, ವಾರಗಟ್ಟಲೆ ಹೀಗೆಯೇ ಮುಂದುವರಿದರೆ ಅದನ್ನು ದುಡಿಮೆಯ ದಣಿವೆಂದು ತಳ್ಳಿಹಾಕುವಂತಿಲ್ಲ. ಅದು ರುಮಟಾಯಿಡ್ ಸಂಧಿವಾತವಾಗಿರಬಹುದು.

ಈ ರೋಗದಲ್ಲಿ ಶತ್ರುವು ಹೊರಗಿನವನಲ್ಲ. ರೋಗಾಣುಗಳೊಡನೆ ಹೋರಾಡಲೆಂದು ಇರುವ ರಕ್ತದ ಬಿಳಿಯ ಕಣಗಳೇ ಕೀಲುಗಳ ಒಳಪೊರೆಯನ್ನು ಪರಕೀಯವೆಂದು ಬಗೆದು ಅದರ ಮೇಲೆ ಏರಿಹೋಗುತ್ತವೆ. ಕಾವಲುಗಾರನೇ ಮನೆಯನ್ನು ಕೆಡವತೊಡಗಿದಂತೆ! ದೇಹವು ತನ್ನ ಮೇಲೆ ತಾನೇ ತಿರುಗಿಬೀಳುವ ಇಂತಹ ರೋಗಗಳಿಗೆ ಸ್ವಯಂ ಪ್ರತಿರಕ್ಷಾ ರೋಗಗಳೆಂದು ಹೆಸರು. ಹಾಗಾದರೆ ಈ ಕಾವಲನ್ನು ಹತೋಟಿಯಲ್ಲಿಡುವ ಕಡಿವಾಣವು ದೇಹದಲ್ಲಿಯೇ ಇಲ್ಲವೆ?

ಇದೆ. ಅದರ ಸುಳಿವು ಮೊದಲು ದೊರೆತದ್ದು 1929ರಲ್ಲಿ, ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ. ಸಂಧಿವಾತದಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಕಾಮಾಲೆ ತಗಲಿದಾಗ ಕೀಲುನೋವು ಇಳಿದುದನ್ನು ಫಿಲಿಪ್ ಹೆಂಚ್ ಎಂಬ ವೈದ್ಯರು ಕಂಡರು. ಗರ್ಭಿಣಿಯರಾದ ಎಷ್ಟೋ ರೋಗಿಗಳಲ್ಲಿಯೂ ಅಂತಹುದೇ ಉಪಶಮನವು ಕಂಡುಬಂದಿತು. ದೇಹದಲ್ಲಿಯೇ ಹುಟ್ಟುವ ಯಾವುದೋ ವಸ್ತುವು ಇದಕ್ಕೆ ಕಾರಣವಾಗಿರಬೇಕೆಂದು ಅವರು ತರ್ಕಿಸಿದರು.

ನಮ್ಮ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳಿವೆ. ಇವೇ ಅಡ್ರಿನಲ್ ಗ್ರಂಥಿಗಳು. ಹೆಂಚರ ಸಹೋದ್ಯೋಗಿಯಾಗಿದ್ದ ರಸಾಯನಜ್ಞ ಎಡ್ವರ್ಡ್ ಕೆಂಡಾಲ್ ದನಗಳ ಅಡ್ರಿನಲ್ ಗ್ರಂಥಿಗಳಿಂದ ಹಲವು ವಸ್ತುಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದಾದ ‘ಇ’ ಸಂಯುಕ್ತವನ್ನು 1948ರ ಸೆಪ್ಟೆಂಬರ್ 21ರಂದು, ಹಾಸಿಗೆಯಿಂದ ಏಳಲೂ ಕಷ್ಟಪಡುತ್ತಿದ್ದ 29 ವರ್ಷದ ಸ್ತ್ರೀಗೆ ಮೊದಲ ಬಾರಿ ಚುಚ್ಚಲಾಯಿತು. ವಾರ ಕಳೆಯುವಷ್ಟರಲ್ಲಿ ಆಕೆ ಪೇಟೆಗೆ ಹೋಗಿಬಂದಳು. ಆ ವಸ್ತುವೇ ಕಾರ್ಟಿಸೋನ್. 1950ರ ನೊಬೆಲ್ ಪಾರಿತೋಷಕವು ಹೆಂಚ್, ಕೆಂಡಾಲ್ ಹಾಗೂ ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಅವರಿಗೆ ಸಂದಿತು.

ಕಾರ್ಟಿಸೋನು ದೇಹದೊಳಗೆ ಕಾರ್ಟಿಸಾಲ್ ಆಗಿ ಮಾರ್ಪಟ್ಟು ಕೆಲಸಮಾಡುತ್ತದೆ. ಈ ಕಾರ್ಟಿಸಾಲನ್ನು ನಮ್ಮ ಗ್ರಂಥಿಗಳು ದಿನವೂ ತಯಾರಿಸುತ್ತಲೇ ಇರುತ್ತವೆ. ಬೆಳಗಿನಲ್ಲಿ ಹೆಚ್ಚು, ರಾತ್ರಿಗೆ ಕಡಿಮೆ. ಅದು ಜೀವಕೋಶದ ಒಳಹೊಕ್ಕು, ಅಲ್ಲಿರುವ ಒಂದು ಪ್ರೋಟೀನಿನೊಡನೆ ಕೂಡಿಕೊಂಡು ಕೋಶಕೇಂದ್ರವನ್ನು ಸೇರುತ್ತದೆ. ಉರಿಯೂತವನ್ನು ಕೆರಳಿಸುವ ವಸ್ತುಗಳ ತಯಾರಿಕೆಯನ್ನು ಅಲ್ಲಿಯೇ ತಗ್ಗಿಸುತ್ತದೆ.

ದೇಹದ್ದೇ ವಸ್ತುವಾದುದರಿಂದ ಇದು ನಿರಪಾಯವೆಂದು ವಾಚಕರು ಭಾವಿಸಬಾರದು. ಸ್ವಸ್ಥನ ಗ್ರಂಥಿಗಳು ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಸುಮಾರು 10ರಿಂದ 20 ಮಿಲಿಗ್ರಾಂ; ಆ ಸ್ತ್ರೀಗೆ ಕೊಟ್ಟ ಕಾರ್ಟಿಸೋನು ದಿನಕ್ಕೆ 100 ಮಿಲಿಗ್ರಾಂ! ಹೀಗೆ ಮಿತಿಮೀರಿದಾಗ ಮುಖ ಊದಿಕೊಳ್ಳುವುದು, ರಕ್ತದಲ್ಲಿ ಸಕ್ಕರೆ ಏರುವುದು, ಮೂಳೆಗಳು ಸವೆಯುವುವು, ಸೋಂಕುಗಳಿಗೆ ಎಡೆಯಾಗುವುದು. ಹೊರಗಿನಿಂದ ಬಹುಕಾಲ ಪೂರೈಕೆಯಾದರೆ ಗ್ರಂಥಿಗಳು ತಮ್ಮ ಕೆಲಸವನ್ನೇ ಮರೆಯುತ್ತವೆ. ಆಗ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಆದಕಾರಣ ಇಂದಿನ ವೈದ್ಯರು ಈ ಜಾತಿಯ ಸ್ಟಿರಾಯ್ಡುಗಳನ್ನು ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲ ಬಳಸುತ್ತಾರೆ. ರೋಗದ ಬೇರನ್ನು ನಿಧಾನವಾಗಿ ಹಿಡಿಯುವ ಮೆಥೊಟ್ರೆಕ್ಸೇಟಿನಂತಹ ಔಷಧಗಳು ಫಲ ಕೊಡಲು ವಾರಗಳೇ ಬೇಕು. ಅಲ್ಲಿಯವರೆಗೆ ಇವು ಊರೆಗೋಲು ಮಾತ್ರ. ಒಂದೇ ದಿನದಲ್ಲಿ ನೋವನ್ನು ಮಾಯಮಾಡುವ ಹೆಸರಿಲ್ಲದ ಪುಡಿಗಳಲ್ಲಿ, ಗುಳಿಗೆಗಳಲ್ಲಿ ಈ ವಸ್ತುವೇ ಅಡಗಿರಬಹುದು. ನೋವು ಅಡಗಿದರೂ ಕೀಲು ಒಳಗೊಳಗೇ ಸವೆಯುತ್ತಿರುತ್ತದೆ. ಸವೆದ ಕೀಲನ್ನು ಯಾವ ಔಷಧವೂ ಮೊದಲಿನಂತೆ ಮಾಡಲಾರದು. ಬಾತ ಬೆರಳನ್ನು ಮೊದಲ ತಿಂಗಳುಗಳಲ್ಲಿಯೇ ವೈದ್ಯರಿಗೆ ತೋರಿಸಿದರೆ ದುಡಿಯುವ ಕೈಯನ್ನು ಉಳಿಸಿಕೊಳ್ಳಬಹುದು.