ಪಿಎಚ್‌ಪಿ ಜಾಲಪುಟದ ಕಳ್ಳಗಂಡಿಗಳು

ತಾಲ್ಲೂಕು ಮಟ್ಟದ ವಿಜ್ಞಾನ ರಸಪ್ರಶ್ನೆ ಸ್ಪರ್ಧೆಗೆ ಹೆಸರು ನೋಂದಾಯಿಸಲು ಒಂದು ಜಾಲತಾಣ ಬೇಕಾಗಿದೆ ಎಂದುಕೊಳ್ಳಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಮಕ್ಕಳ ಹೆಸರು, ಶಾಲೆ, ಪೋಷಕರ ಮೊಬೈಲ್ ಸಂಖ್ಯೆ ಅದರಲ್ಲಿ ಸೇರುತ್ತವೆ. ಪ್ರತಿ ತಾಲ್ಲೂಕಿನ ಸಂಚಾಲಕರು ತಮ್ಮ ಪಟ್ಟಿಯನ್ನು ಮಾತ್ರ ನೋಡಬೇಕು. ಗಣಕ ಕಲಿತ ವಿದ್ಯಾರ್ಥಿಯೊಬ್ಬ ಎರಡು ದಿನಗಳಲ್ಲಿ ಇದನ್ನು ಪಿಎಚ್‌ಪಿಯಲ್ಲಿ ಬರೆದುಕೊಡಬಲ್ಲ. ಆದರೆ ಆ ಮಕ್ಕಳ ವಿವರ ಸುರಕ್ಷಿತವಾಗಿ ಉಳಿಯುವುದೇ? ಅದು ಪ್ರೋಗ್ರಾಮಿನ ಕೆಲವೇ ಸಾಲುಗಳನ್ನು ಅವಲಂಬಿಸಿದೆ.

ಪಿಎಚ್‌ಪಿ ಎಂದರೇನು?

ರಾಸ್ಮಸ್ ಲೆರ್ಡಾರ್ಫ್ ಎಂಬುವರು 1995ರಲ್ಲಿ ಬಿಡುಗಡೆ ಮಾಡಿದ ಪುಟ್ಟ ಸಾಧನವೇ ಮುಂದೆ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಾಗಿ ಬೆಳೆಯಿತು. ಇದರ ಆದೇಶಗಳು ನಿಮ್ಮ ಮುಂದಿರುವ ಗಣಕದಲ್ಲಲ್ಲ, ಜಾಲತಾಣವನ್ನು ಇರಿಸಿರುವ ಸರ್ವರ್‌ನಲ್ಲಿ ನಡೆಯುತ್ತವೆ. ಬಹು ಜನಪ್ರಿಯವಾದ ವರ್ಡ್‌ಪ್ರೆಸ್ ತಂತ್ರಾಂಶವೂ ಪಿಎಚ್‌ಪಿಯಲ್ಲೇ ರಚಿತವಾಗಿದೆ. ಕಲಿಯಲು ಸುಲಭ, ಬಳಸಲು ಉಚಿತ. ಈ ಸುಲಭತೆಯೇ ಕೆಲವೊಮ್ಮೆ ಅಪಾಯಕ್ಕೂ ದಾರಿಯಾಗುತ್ತದೆ.

ಚೀಟಿಯಲ್ಲಿ ಸೇರಿದ ಹೆಚ್ಚುವರಿ ಸಾಲು

‘ಒಂದು ಕಿಲೋ ಸಕ್ಕರೆ ಕೊಡಿ’ ಎಂದು ಚೀಟಿ ಬರೆದು ಹುಡುಗನ ಕೈಯಲ್ಲಿ ಅಂಗಡಿಗೆ ಕಳಿಸುತ್ತೀರಿ. ದಾರಿಯಲ್ಲಿ ಅವನು ‘ಎರಡು ಲೀಟರ್ ಎಣ್ಣೆಯನ್ನೂ ಕೊಡಿ’ ಎಂದು ಸೇರಿಸಿದರೆ? ಅಂಗಡಿಯವರಿಗೆ ಕಾಣುವುದು ಒಂದೇ ಚೀಟಿ, ಎರಡನ್ನೂ ಕೊಡುತ್ತಾರೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ದಾಳಿಯ ಗುಟ್ಟು ಇಷ್ಟೇ.

ನಮ್ಮ ಪುಟದಲ್ಲಿ ಸಂಚಾಲಕರು ಕೊಟ್ಟೂರು ಎಂದು ಆರಿಸಿದಾಗ ಪಿಎಚ್‌ಪಿಯು ದತ್ತಸಂಚಯಕ್ಕೆ ಕಳಿಸುವ ಆದೇಶವನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

ತಾಲ್ಲೂಕು = 'ಕೊಟ್ಟೂರು' ಆಗಿರುವ ಹೆಸರುಗಳನ್ನು ಕೊಡು.

ಬಳಕೆದಾರ ಕೊಟ್ಟ ಪದವನ್ನು ಹಾಗೆಯೇ ಆದೇಶದೊಳಗೆ ಅಂಟಿಸಿದ್ದರೆ, ಕಿಡಿಗೇಡಿಯೊಬ್ಬ ಊರಿನ ಹೆಸರಿನ ಜಾಗದಲ್ಲಿ ಕೊಟ್ಟೂರು' ಅಥವಾ '1' = '1 ಎಂದು ಕಳಿಸಬಹುದು. ಆಗ ಆದೇಶ ಹೀಗಾಗುತ್ತದೆ:

ತಾಲ್ಲೂಕು = 'ಕೊಟ್ಟೂರು' ಅಥವಾ '1' = '1' ಆಗಿರುವ ಹೆಸರುಗಳನ್ನು ಕೊಡು.

ಒಂದು ಒಂದಕ್ಕೆ ಸಮ ಎಂಬುದು ಯಾವಾಗಲೂ ನಿಜ. ಹೀಗಾಗಿ ಐದೂ ತಾಲ್ಲೂಕುಗಳ ಎಲ್ಲ ಮಕ್ಕಳ ವಿವರವೂ ಹೊರಬರುತ್ತದೆ. ‘ನಾನು ಐದು ಹೆಸರುಗಳ ಪಟ್ಟಿಯನ್ನಷ್ಟೇ ಕೊಟ್ಟಿದ್ದೇನೆ, ಬೇರೇನೂ ಬರಲಾರದು’ ಎಂದು ನೀವು ಹೇಳಬಹುದು. ಆದರೆ ಆ ಪಟ್ಟಿ ಇರುವುದು ಬಳಕೆದಾರನ ಬ್ರೌಸರಿನಲ್ಲಿ. ಅಲ್ಲಿಂದ ಹೊರಡುವ ಮಾಹಿತಿಯನ್ನು ಬೇಕಾದಂತೆ ಬದಲಿಸಲು ಸಾಧ್ಯ. ತಪಾಸಣೆ ನಡೆಯಬೇಕಾದದ್ದು ಸರ್ವರ್‌ನಲ್ಲಿ.

ಪರಿಹಾರ ಯಾವುದು?

ಹಿಂದೆ ಪಿಎಚ್‌ಪಿಯಲ್ಲಿ ‘ಮ್ಯಾಜಿಕ್ ಕೋಟ್ಸ್’ ಎಂಬ ವ್ಯವಸ್ಥೆಯಿತ್ತು. ಒಳಬರುವ ಉದ್ಧರಣ ಚಿಹ್ನೆಗಳ ಮುಂದೆ ಅದು ತಾನಾಗಿಯೇ ಓರೆಗೆರೆಯೊಂದನ್ನು ಸೇರಿಸುತ್ತಿತ್ತು. ಇದು ಎಲ್ಲ ದಾಳಿಗಳನ್ನೂ ತಡೆಯಲಿಲ್ಲ, ಸರಿಯಾದ ಮಾಹಿತಿಯನ್ನೂ ಕೆಡಿಸುತ್ತಿತ್ತು. 2012ರಲ್ಲಿ ಬಂದ 5.4ನೇ ಆವೃತ್ತಿಯಲ್ಲಿ ಇದನ್ನು ಕೈಬಿಡಲಾಯಿತು.

ಸರಿಯಾದ ದಾರಿ ಎಂದರೆ ಆದೇಶವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವುದು. ಮೊದಲು ಖಾಲಿ ಜಾಗ ಬಿಟ್ಟು ಆದೇಶದ ಅಚ್ಚನ್ನು ಸಿದ್ಧಪಡಿಸಿ, ನಂತರ ಊರಿನ ಹೆಸರನ್ನು ಪ್ರತ್ಯೇಕವಾಗಿ ಒದಗಿಸಬೇಕು. ಆಗ ಯಾರು ಏನೇ ಬರೆದರೂ ಅದು ಬರೀ ಹೆಸರಾಗಿಯೇ ಉಳಿಯುತ್ತದೆ. ಅಂಥ ಹೆಸರಿನ ತಾಲ್ಲೂಕು ಇಲ್ಲವಾದ್ದರಿಂದ ಉತ್ತರ ಶೂನ್ಯ. ಪಿಡಿಒ, ಮೈಎಸ್‌ಕ್ಯೂಎಲ್‌ಐ ಎಂಬ ಸೌಲಭ್ಯಗಳಲ್ಲಿ ಇದಕ್ಕೆ ಅವಕಾಶವಿದೆ. ಹಳೆಯ ಪುಸ್ತಕಗಳಲ್ಲಿ ಕಾಣುವ, ಮೈಎಸ್‌ಕ್ಯೂಎಲ್ ಎಂದು ಆರಂಭವಾಗುವ ಆದೇಶಗಳನ್ನು 2015ರ 7.0 ಆವೃತ್ತಿಯಲ್ಲೇ ತೆಗೆದುಹಾಕಲಾಗಿದೆ. ಅವನ್ನು ನಕಲು ಮಾಡಬೇಡಿ.

ಇದೇ ದೋಷ ಇನ್ನೊಂದು ರೂಪದಲ್ಲಿಯೂ ಬರುತ್ತದೆ. ಹೆಸರು ತುಂಬುವ ಜಾಗದಲ್ಲಿ ಯಾರಾದರೂ ಜಾವಾಸ್ಕ್ರಿಪ್ಟ್ ಆದೇಶ ಬರೆದರೆ, ಪಟ್ಟಿಯನ್ನು ತೆರೆದ ಸಂಚಾಲಕರ ಬ್ರೌಸರಿನಲ್ಲಿ ಅದು ಕೆಲಸ ಮಾಡತೊಡಗುತ್ತದೆ. ಪುಟದಲ್ಲಿ ತೋರಿಸುವ ಮುನ್ನ ಕೋನಾವರಣದಂಥ ವಿಶೇಷ ಚಿಹ್ನೆಗಳನ್ನು ಸಾಮಾನ್ಯ ಅಕ್ಷರಗಳಾಗಿ ಮಾರ್ಪಡಿಸುವುದೇ ಇದಕ್ಕೆ ಮದ್ದು. ಗುಪ್ತಪದಗಳನ್ನಂತೂ ಇದ್ದಂತೆಯೇ ಎಂದೂ ಕೂಡಿಡಬಾರದು. ಹಿಂದಿರುಗಿಸಲಾಗದ ‘ಹ್ಯಾಶ್’ ರೂಪದಲ್ಲಿ ಇಡುವ ಸಿದ್ಧ ಸೌಲಭ್ಯ 2013ರಿಂದ ಪಿಎಚ್‌ಪಿಯಲ್ಲೇ ಇದೆ.

ಭಾಷೆಯಲ್ಲೇ ಬಿರುಕಿದ್ದರೆ?

ಕೆಲವೊಮ್ಮೆ ದೋಷ ಪಿಎಚ್‌ಪಿಯಲ್ಲೇ ಇರುತ್ತದೆ. 2024ರ ಜೂನ್‌ನಲ್ಲಿ ತೈವಾನಿನ ಡೆವ್‌ಕೋರ್ ಸಂಸ್ಥೆ ಅಂಥದೊಂದನ್ನು ಬಯಲಿಗೆ ತಂದಿತು. ಸಿಜಿಐ ವಿಧಾನದಲ್ಲಿ ಪಿಎಚ್‌ಪಿ ನಡೆಸುವ ಕೆಲವು ವಿಂಡೋಸ್ ಗಣಕಗಳಲ್ಲಿ, ಚೀನೀ ಮತ್ತು ಜಪಾನೀ ಭಾಷಾ ವ್ಯವಸ್ಥೆ ಇದ್ದಾಗ, ವಿಶೇಷ ಬಗೆಯ ಅಡ್ಡಗೆರೆಯೊಂದು ಸಾಮಾನ್ಯ ಅಡ್ಡಗೆರೆಯಾಗಿ ಬದಲಾಗುತ್ತಿತ್ತು. ಪಿಎಚ್‌ಪಿಗೆ ಅಡ್ಡಗೆರೆ ಎಂದರೆ ಮುಂದೆ ಸೂಚನೆಯಿದೆ ಎಂದರ್ಥ! ಹೀಗೆ ಹೊರಗಿನವರು ತಮ್ಮ ಆದೇಶಗಳನ್ನು ಸರ್ವರ್‌ನಲ್ಲಿ ನಡೆಸಬಹುದಿತ್ತು. ಇಲ್ಲಿಯೂ ಮಾಹಿತಿಯೇ ಆದೇಶವಾಯಿತು ಎಂಬುದನ್ನು ಗಮನಿಸಿ. ದುರಸ್ತಿ ಮಾಡಿದ ಆವೃತ್ತಿಗಳು ಅದೇ ತಿಂಗಳು ಬಂದವು. ಅವನ್ನು ಅಳವಡಿಸಿಕೊಂಡವರಿಗೆ ಮಾತ್ರ ರಕ್ಷಣೆ. ಆದ್ದರಿಂದ ಬೆಂಬಲ ನಿಂತುಹೋದ ಹಳೆಯ ಆವೃತ್ತಿಗಳನ್ನು ಬಳಸುತ್ತಿರಬಾರದು. 7.4ನೇ ಆವೃತ್ತಿಗೆ ಸುರಕ್ಷತಾ ದುರಸ್ತಿ 2022ರ ನವೆಂಬರಿನಲ್ಲೇ ನಿಂತಿದೆ.

ಜಾಲತಾಣಗಳಿಗೆ ಕನ್ನ ಹಾಕುವುದು ದೂರದ ದೇಶಗಳ ಸುದ್ದಿಯಷ್ಟೇ ಅಲ್ಲ. 2019ರಲ್ಲಿ ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣದಿಂದ ಸುಮಾರು 11.5 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ ಸಿಐಡಿ ತನಿಖೆಗೆ ಒಳಪಟ್ಟಿತು. ಅದು ಪಿಎಚ್‌ಪಿಯ ದೋಷವೆಂದು ಇದರ ಅರ್ಥವಲ್ಲ. ಯಾವ ಭಾಷೆಯಲ್ಲಿ ಬರೆದರೂ ಎಚ್ಚರ ಬೇಕೆಂಬುದಷ್ಟೇ ಇಲ್ಲಿನ ಪಾಠ.

ನೀವು ಬರೆದ ಪುಟವನ್ನು ನಿಮ್ಮ ಗಣಕದಲ್ಲೇ, ಕಲ್ಪಿತ ಹೆಸರುಗಳನ್ನು ತುಂಬಿ ಪರೀಕ್ಷಿಸಿ. ಮೇಲೆ ಹೇಳಿದ ಪದವನ್ನು ಕೊಟ್ಟು ಏನಾಗುವುದೆಂದು ನೋಡಿ. ಇತರರ ಜಾಲತಾಣದ ಮೇಲೆ ಮಾತ್ರ ಅನುಮತಿಯಿಲ್ಲದೆ ಈ ಪ್ರಯೋಗ ಬೇಡ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅದು ಅಪರಾಧವಾಗಬಹುದು. ಕೊಟ್ಟೂರಿನ ಪಟ್ಟಿ ಕೇಳಿದರೆ ಕೊಟ್ಟೂರಿನದು ಮಾತ್ರ ಬರುತ್ತಿದೆಯೆಂದು ಖಾತ್ರಿಯಾದ ಮೇಲಷ್ಟೇ ಮಕ್ಕಳ ನಿಜವಾದ ಹೆಸರುಗಳನ್ನು ಅದರಲ್ಲಿ ತುಂಬಿ.