ಲ್ಯಾಪ್‌ಟಾಪಿಗೆ ಹೊಸ ಸ್ಮೃತಿಕೋಶ

ಗುಂಡಿಯನ್ನೊತ್ತಿ ನಿಮಿಷಗಟ್ಟಲೆ ಕಾದರೂ ಎಚ್ಚರಗೊಳ್ಳದ ಹಳೆಯ ಲ್ಯಾಪ್‌ಟಾಪನ್ನು ಮೂಲೆಗೆ ಎಸೆಯಬೇಕಾಗಿಲ್ಲ. ಅನೇಕ ವೇಳೆ ದೋಷವು ಅದರೊಳಗಿನ ಹಾರ್ಡ್ ಡಿಸ್ಕಿನದು. ಕಾಂತಲೇಪವುಳ್ಳ ಈ ತಟ್ಟೆಯು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಎಂದರೆ ಸುತ್ತೊಂದಕ್ಕೆ ಸುಮಾರು 11 ಮಿಲಿಸೆಕೆಂಡು. ಓದುವ ತಲೆಯು ತನ್ನ ಪಥಕ್ಕೆ ಸರಿದ ಮೇಲೂ, ಬೇಕಾದ ಭಾಗವು ಅದರಡಿಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಸಾವಿರಾರು ಚಿಕ್ಕ ಕಡತಗಳನ್ನು ತೆರೆಯುವಾಗ ಈ ಕಾಯುವಿಕೆಯೇ ಬೆಟ್ಟವಾಗುತ್ತದೆ.

ಎಸ್‌.ಎಸ್‌.ಡಿ.ಯಲ್ಲಿ ಚಲಿಸುವ ಅಂಗವೇ ಇಲ್ಲ. ಜಪಾನಿನ ಫುಜಿಯೊ ಮಸುವೊಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯು ಇದರ ಜೀವಾಳ. ನಿರೋಧಕ ಪದರಗಳ ನಡುವೆ ಸೆರೆಸಿಕ್ಕ ಎಲೆಕ್ಟ್ರಾನುಗಳು ವಿದ್ಯುತ್ತು ನಿಂತರೂ ಅಲ್ಲಿಯೇ ಉಳಿಯುತ್ತವೆ. ಅವುಗಳನ್ನು ಓದಲು ಮಿಲಿಸೆಕೆಂಡಿನ ಸುಮಾರು ಹತ್ತನೆಯ ಒಂದು ಪಾಲು ಸಾಕು.

ಕೊಳ್ಳುವವರು ಎಡವುವುದು ಆಕಾರದಲ್ಲಿ. ಹಳೆಯ ಯಂತ್ರಗಳಿಗೆ ಎರಡೂವರೆ ಅಂಗುಲದ ಸಾಟಾ ಮಾದರಿ ಹೊಂದುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟು. ಈಚಿನವುಗಳಲ್ಲಿರುವುದು 22 ಮಿ.ಮೀ. ಅಗಲದ ಎಂ.2 ಪಟ್ಟಿ. ಆದರೆ ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ್ದಲ್ಲ. ಅದರಲ್ಲಿ ಸಾಟಾ ಉಂಟು, ಹಲವು ಪಟ್ಟು ವೇಗದ ಎನ್‌ವಿಎಂಇ ಸಹ ಉಂಟು. ಒಂದಕ್ಕೆ ಮಾತ್ರ ಮೀಸಲಾದ ಕಂಡಿಯಲ್ಲಿ ಮತ್ತೊಂದು ಕೆಲಸಮಾಡದು. ಆದುದರಿಂದ ಯಂತ್ರದ ಕೈಪಿಡಿಯನ್ನು ನೋಡದೆ ಹಣ ತೆರಬಾರದು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಂತೂ ಸ್ಮೃತಿಯನ್ನು ಫಲಕಕ್ಕೇ ಬೆಸೆದಿರುವುದರಿಂದ ಬದಲಾವಣೆಗೆ ಎಡೆಯೇ ಇಲ್ಲ.

ತಟ್ಟೆಯನ್ನು ಬಿಟ್ಟು ಸಾಟಾಕ್ಕೆ ಬಂದಾಗ ಕಾಣುವ ವ್ಯತ್ಯಾಸ ಅಗಾಧ. ಅಲ್ಲಿಂದ ಎನ್‌ವಿಎಂಇಗೆ ಏರಿದರೆ ವಿದ್ಯಾರ್ಥಿಯ ದಿನಬಳಕೆಯಲ್ಲಿ ಅಷ್ಟೇನೂ ತಿಳಿಯದೆಂದು ನನ್ನ ಮತ.

ಬರೆದು ಅಳಿಸಿದಷ್ಟೂ ನಿರೋಧಕ ಪದರ ಸವೆಯುತ್ತದೆ. ಕೆಲವೊಮ್ಮೆ ಎಸ್‌.ಎಸ್‌.ಡಿ.ಯು ಮುನ್ಸೂಚನೆಯಿಲ್ಲದೆಯೂ ಕೆಡಬಹುದು. ವರ್ಷವಿಡೀ ಬರೆದ ಟಿಪ್ಪಣಿಗಳಿಗೆ ಬೇರೆಡೆ ಒಂದು ಪ್ರತಿ ಇರಲಿ. ಹೊಸತರಲ್ಲಿ ಎಲ್ಲ ಕಡತಗಳೂ ತೆರೆಯುವವೆಂದು ಖಚಿತವಾಗುವವರೆಗೆ ಹಳೆಯ ಡಿಸ್ಕನ್ನು ಅಳಿಸತಕ್ಕದ್ದಲ್ಲ.