ಹೊಲಕ್ಕೆ ಬಿದ್ದ ಗುಟ್ಟು

2019ರ ಸೆಪ್ಟೆಂಬರ್ 17ರ ಬೆಳಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಜಮೀನಿಗೆ ವಿಮಾನವೊಂದು ಬಿತ್ತು. ಅದರೊಳಗೆ ಪೈಲಟ್ ಇರಲಿಲ್ಲ. ಡಿಆರ್‌ಡಿಒ ಚಳ್ಳಕೆರೆ ಬಳಿಯ ತನ್ನ ಪರೀಕ್ಷಾ ನೆಲೆಯಿಂದ ಹಾರಿಸುತ್ತಿದ್ದ ರುಸ್ತುಂ-2 ಅದು. ಜನ ಸೇರಿದರು, ಪೊಲೀಸರು ಬಂದರು. 2023ರ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆ ಬಳಿ ಇದೇ ಕಥೆ ಮರುಕಳಿಸಿತು. ಆ ಹೊತ್ತಿಗೆ ಅದರ ಹೆಸರು 'ತಪಸ್' ಎಂದಾಗಿತ್ತು.

ಮುರಿದುಬಿದ್ದ ತಗಡಿಗೆ ಕಾವಲೇಕೆ ಎಂದು ಯಾರಾದರೂ ಕೇಳಬಹುದು. ಮಾರುಕಟ್ಟೆಗೆ ಬಂದ ಯಂತ್ರ ಕಳೆದರೆ ಇನ್ನೊಂದನ್ನು ಕೊಂಡರಾಯಿತು. ಮೂಲಮಾದರಿಯ ಮಾತು ಬೇರೆ. ಅದು ಎಲ್ಲಿ ಸೋತಿತು ಎಂಬುದಕ್ಕೆ ಆ ಚೂರುಗಳೇ ಸಾಕ್ಷಿ. ಹೊರಗಿನವರ ಕೈಗೆ ಸಿಕ್ಕರೆ ವರ್ಷಗಳ ದುಡಿಮೆಯ ಗುಟ್ಟೂ ಅವೇ.

ಗುಟ್ಟು ಸರ್ಕಾರದ್ದೇ ಆಗಿರಬೇಕೆಂದಿಲ್ಲ. 2010ರ ಮಾರ್ಚ್‌ನಲ್ಲಿ ಅಮೆರಿಕದ ಆ್ಯಪಲ್ ಕಂಪನಿಯ ಎಂಜಿನಿಯರ್ ಒಬ್ಬರು ಇನ್ನೂ ಬಿಡುಗಡೆಯಾಗದ ಐಫೋನ್ 4ನ್ನು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಬಿಯರ್ ಅಂಗಡಿಯಲ್ಲಿ ಮರೆತುಬಂದರು. ಗುರುತು ಸಿಗದಿರಲೆಂದು ಅದಕ್ಕೆ ಹಳೆಯ ಮಾದರಿಯ ಹೊದಿಕೆ ತೊಡಿಸಲಾಗಿತ್ತು. ಕಂಪನಿ ದೂರದಿಂದಲೇ ಅದನ್ನು ನಿಷ್ಕ್ರಿಯಗೊಳಿಸಿತು. ಆದರೆ ಸಿಕ್ಕವನ ಕಡೆಯಿಂದ ಅದು 5,000 ಡಾಲರಿಗೆ 'ಗಿಜ್ಮೋಡೊ' ಎಂಬ ಸುದ್ದಿತಾಣದ ಪಾಲಾಯಿತು. ತಾಣ ಅದರ ಒಳಹೊರಗನ್ನೆಲ್ಲ ಪ್ರಕಟಿಸಿತು. ಕಂಪನಿಯ ವಕೀಲರು ಪತ್ರ ಬರೆದು ಸಾಧನವನ್ನು ವಾಪಸು ಪಡೆದ ಮೇಲೂ ಪೊಲೀಸರು ಸಂಪಾದಕರೊಬ್ಬರ ಮನೆಗೆ ನುಗ್ಗಿ ಕಂಪ್ಯೂಟರುಗಳನ್ನು ಹೊತ್ತೊಯ್ದರು. ಪತ್ರಕರ್ತನ ಕಡತಗಳನ್ನು ಹೀಗೆ ಮುಟ್ಟಬಹುದೇ ಎಂಬ ಗದ್ದಲವೆದ್ದಿತು. ಕೊನೆಗೆ ಪತ್ರಕರ್ತರ ಮೇಲೆ ಮೊಕದ್ದಮೆ ಹೂಡಲಿಲ್ಲ. ಫೋನ್ ಮಾರಾಟಕ್ಕೆ ಸಂಬಂಧಿಸಿದ ಇಬ್ಬರಿಗೆ ಒಂದು ವರ್ಷದ ಪ್ರೊಬೇಶನ್ ಮತ್ತು 40 ಗಂಟೆಗಳ ಸಮಾಜಸೇವೆ, ಅಷ್ಟೆ.

ಮರುವರ್ಷ ನಡೆದದ್ದು ಇನ್ನೂ ಕೆಟ್ಟದ್ದು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ಫೋನ್ ಕಾಣೆಯಾದಾಗ ಕಂಪನಿಯ ತನಿಖೆಗಾರರೇ ಒಂದು ಮನೆಯ ಒಳಹೊಕ್ಕು ಜಾಲಾಡಿದರು. ಜೊತೆಗೆ ಬಂದಿದ್ದ ಪೊಲೀಸರು ಹೊರಗೇ ನಿಂತರು. ಫೋನ್ ಸಿಗಲಿಲ್ಲ. ಸರ್ಕಾರಿ ಸಮವಸ್ತ್ರ ಖಾಸಗಿ ಕೆಲಸಕ್ಕೆ ನೆರಳಾದ ಇಂಥ ಹುಡುಕಾಟವನ್ನು ಸಮರ್ಥಿಸುವುದು ಕಷ್ಟ.

ಇಂಥದ್ದೇ ಒಂದು ಯಂತ್ರ ನಾಳೆ ನವಲಗುಂದದ ಎರೆಹೊಲದ ಕಡಲೆ ಸಾಲಿಗೋ ಕಲಘಟಗಿಯ ಭತ್ತದ ಗದ್ದೆಗೋ ಬಿದ್ದರೆ? 'ನನ್ನ ಹೊಲಕ್ಕೆ ಬಿದ್ದದ್ದು ನನ್ನದು' ಎಂಬ ಮಾತು ಕಾನೂನಿನ ಮುಂದೆ ನಿಲ್ಲದು. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಮಿನಂತೆ, ಸಿಕ್ಕ ವಸ್ತುವನ್ನು ಎತ್ತಿಟ್ಟುಕೊಂಡವನು ಇನ್ನೊಬ್ಬರ ವಸ್ತುವನ್ನು ವಹಿಸಿಕೊಂಡವನಷ್ಟೇ ಜವಾಬ್ದಾರ. ಕಾಪಾಡಿ ಹಿಂದಿರುಗಿಸಲೆಂದು ಎತ್ತಿಟ್ಟರೆ ಅಪರಾಧವಲ್ಲ. ಒಡೆಯನಾರೆಂದು ತಿಳಿದೂ ಗುಜರಿಗೆ ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸವಾಗಬಹುದು.

ಸಿಕ್ಕವನಿಗೂ ಒಂದು ಹಕ್ಕಿದೆ. ವಸ್ತುವನ್ನು ಕಾಯಲು, ಒಡೆಯನನ್ನು ಹುಡುಕಲು ಪಟ್ಟ ಶ್ರಮ-ಖರ್ಚಿನ ಪರಿಹಾರ ಸಿಗುವವರೆಗೆ ಅದನ್ನು ಇಟ್ಟುಕೊಳ್ಳಲು 168ನೇ ಕಲಮು ಅವಕಾಶ ಕೊಡುತ್ತದೆ. ಬಂದೂಕು ಹಿಡಿದ ಪೊಲೀಸರ ಮುಂದೆ ಈ ಹಕ್ಕು ಚಲಾಯಿಸುವ ರೈತ ಎಲ್ಲಿದ್ದಾನೋ! ತುಳಿದುಹೋದ ಬೆಳೆಯ ಲೆಕ್ಕ ಮಾತ್ರ ಈ ಕಲಮಿನಲ್ಲಿ ಇಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು. ಅವಶೇಷ ಒಯ್ಯುವ ಮುನ್ನ ಬರೆಯುವ ಪಂಚನಾಮೆಯಲ್ಲಿ ಎಷ್ಟು ಸಾಲು ಹಾಳಾಯಿತೆಂಬುದೂ ನಮೂದಾಗಿದ್ದರೆ ಆಗ ಕೆಲಸಕ್ಕೆ ಬರುತ್ತದೆ.